ಡಬ್ಬಿ ತಿರುವು

ಬೆಟ್ಟದ ರಸ್ತೆಗೆ ಒಟ್ಟು ಇಪ್ಪತ್ತೊಂಬತ್ತು ತಿರುವುಗಳು. ಇಪ್ಪತ್ತೆಂಟಕ್ಕೆ ಬರೀ ನಂಬರು, ಇಪ್ಪತ್ತೊಂದನೆಯದಕ್ಕೆ ಮಾತ್ರ ಹೆಸರು. ಅಲ್ಲಿ ಹಳದಿ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಡಬ್ಬಿ ತಿರುವು’ ಎಂದು ಬರೆದು, ಕೆಳಗೊಂದು ಊಟದ ಡಬ್ಬಿಯ ಚಿತ್ರವನ್ನೂ ಬಿಡಿಸಿದ್ದಾರೆ. ಹಲಗೆ ಹಾಕಿಸಿದ್ದು ಪ್ರವಾಸದ ಕಚೇರಿಯವರು. ಹೆಸರು ಇಟ್ಟಿದ್ದು ವ್ಯಾನ್ ಓಡಿಸುವ ದೀಪಣ್ಣ.

ದೀಪಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೆಟ್ಟದ ಮೇಲೆ ತಾಮ್ರದ ಗಣಿ ನಡೆಯುತ್ತಿದ್ದ ಕಾಲಕ್ಕೆ ಅವನು ದೀಪದ ಕೋಣೆಯಲ್ಲಿ ಕೆಲಸಕ್ಕಿದ್ದ. ಒಳಗೆ ಇಳಿಯುವವರಿಗೆ ಕೈದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸು ತೆಗೆದುಕೊಳ್ಳುವುದು, ಅಷ್ಟೇ ಕೆಲಸ. ಮೀಸೆ ಸರಿಯಾಗಿ ಬಲಿಯದ ಹುಡುಗನನ್ನು ಅಪ್ಪನ ವಯಸ್ಸಿನವರೂ ದೀಪಣ್ಣ ಎಂದು ಕರೆದು ತಮಾಷೆ ಮಾಡುತ್ತಿದ್ದರು. ಗಣಿ ಮುಚ್ಚಿತು, ತಮಾಷೆ ಮಾಡುತ್ತಿದ್ದವರು ಚದುರಿಹೋದರು, ಹೆಸರು ಮಾತ್ರ ಅಂಟಿಕೊಂಡು ಕೂತಿತು. ಈಗ ಅವನಿಗೆ ಐವತ್ತೇಳು. ಹತ್ತು ಸೀಟಿನ ವ್ಯಾನಿನಲ್ಲಿ ಜನರನ್ನು ಕೂರಿಸಿಕೊಂಡು, ಹಳೆಯ ಗಣಿಗಳ ಮಧ್ಯೆ ಸುತ್ತಿ ಹತ್ತುವ ಆ ಚಂದದ ರಸ್ತೆಯಲ್ಲಿ ಬೆಟ್ಟ ತೋರಿಸಿಕೊಂಡು ಬರುತ್ತಾನೆ.

ಡ್ರೈವರುಗಳು ಇನ್ನೂ ನಾಲ್ಕು ಜನ ಇದ್ದಾರೆ. ಆದರೆ ಜನ ಕೇಳಿಕೊಂಡು ಬರುವುದು ದೀಪಣ್ಣನ ವ್ಯಾನನ್ನೇ. ಯಾಕೆಂದರೆ ಉಳಿದವರು ಬರೀ ಗಾಡಿ ಓಡಿಸುತ್ತಾರೆ, ಇವನು ಕತೆ ಹೇಳುತ್ತಾನೆ. ಅಂಗಿಯ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು ಶುರು ಮಾಡಿದನೆಂದರೆ, ವಾಂತಿ ಬಂದವರೂ ತಡೆದುಕೊಂಡು ಕೇಳುತ್ತಾರೆ. ಅದರಲ್ಲೂ ಇಪ್ಪತ್ತೊಂದನೆಯ ತಿರುವಿನ ಕತೆ ಕೇಳಿದ ಮೇಲೆ ಒಂದು ಕಿಲೋಮೀಟರ್‌ವರೆಗೆ ಯಾರೂ ಮಾತಾಡುವುದಿಲ್ಲ.

“ಈ ಗಣಿಯಲ್ಲಿ ನಂಬರ್ ನಲವತ್ತೇಳು ಅಂತ ಒಬ್ಬ ಇದ್ದ,” ಎಂದು ಅದು ಶುರುವಾಗುತ್ತದೆ. “ಕೆಲಸದಲ್ಲಿ ಹುಲಿ. ಆದ್ರೆ ಮರೆವು ಅಂದ್ರೆ ಮರೆವು. ಊಟದ ಡಬ್ಬೀನ ಯಾವಾಗ್ಲೂ ಒಳಗೇ ಬಿಟ್ಟು ಬರ್ತಿದ್ದ. ಒಂದಿನ ಹೊರಗೆ ಬಂದು, ದೀಪ ಕೊಟ್ಟು, ಮನೆ ಕಡೆ ನಾಲ್ಕು ಹೆಜ್ಜೆ ಹಾಕಿದ್ದಾನೆ, ನೆನಪಾಯ್ತು. ಅಯ್ಯೋ, ಡಬ್ಬಿ! ‘ಎರಡು ನಿಮಿಷ ದೀಪ ಕೊಡು’ ಅಂತ ಇಸ್ಕೊಂಡು ವಾಪಸ್ ಹೋದ. ಅಷ್ಟರಲ್ಲಿ ಒಳಗಿನ ಮರದ ಕಂಬಗಳಿಗೆ ಬೆಂಕಿ ಹತ್ಕೊಳ್ತು. ದೀಪದ ಕೋಣೆಯ ಹಾಜರಿ ಹಲಗೆ ನೋಡಿದ್ರೆ ಎಲ್ರೂ ಹೊರಗೆ ಬಂದ ಲೆಕ್ಕ ಇತ್ತು. ಬೆಂಕಿ ಉಸಿರು ಕಟ್ಟಿ ಆರಿಹೋಗ್ಲಿ ಅಂತ ಗಣಿ ಬಾಯಿಗೆ ಗೋಡೆ ಕಟ್ಟಿಬಿಟ್ರು. ಒಂದು ಡಬ್ಬಿಗೋಸ್ಕರ, ನೋಡಿ.”

ಕೆಲವರು “ಪಾಪ” ಅನ್ನುತ್ತಾರೆ. ಕೆಲವರು “ಎಂಥ ಪೆದ್ದ” ಅನ್ನುತ್ತಾರೆ. ಯಾವುದನ್ನಂದರೂ ದೀಪಣ್ಣ ರಸ್ತೆಯಿಂದ ಕಣ್ಣು ಕೀಳುವುದಿಲ್ಲ. ನಂಬರ್ ನಲವತ್ತೇಳು ತನ್ನ ಸ್ವಂತ ಅಣ್ಣ ಎಂದು ಅವನು ಪ್ರವಾಸಿಗಳಿಗೆ ಹೇಳುವುದಿಲ್ಲ. ಡಬ್ಬಿಯ ಮಾತು ಶುದ್ಧ ಸುಳ್ಳು ಎಂದು ಇದುವರೆಗೆ ಯಾರಿಗೂ ಹೇಳಿಲ್ಲ.

ನಡೆದದ್ದು ಇಷ್ಟು. ದೀಪದ ಕೋಣೆಯ ಗೋಡೆಯ ಮೇಲೆ ಎರಡು ಹಲಗೆಗಳಿದ್ದವು. ಒಂದರ ನೆತ್ತಿಯ ಮೇಲೆ ‘ಒಳಗೆ’ ಎಂದು ಬರೆದಿತ್ತು, ಇನ್ನೊಂದರ ಮೇಲೆ ‘ಹೊರಗೆ’. ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದೊಂದು ಹಿತ್ತಾಳೆ ಬಿಲ್ಲೆ. ಅವನು ದೀಪ ಪಡೆದು ಇಳಿದರೆ ಬಿಲ್ಲೆ ‘ಒಳಗೆ’ ಹಲಗೆಯ ಮೊಳೆಗೆ, ದೀಪ ವಾಪಸು ಬಂದರೆ ‘ಹೊರಗೆ’ ಹಲಗೆಯ ಮೊಳೆಗೆ. ಬಿಲ್ಲೆ ಮುಟ್ಟುವ ಅಧಿಕಾರ ದೀಪದ ಕೋಣೆಯವನಿಗೆ ಮಾತ್ರ. ‘ಒಳಗೆ’ ಹಲಗೆ ಪೂರ್ತಿ ಖಾಲಿಯಾಗದೆ ಅವನು ಬೀಗ ಹಾಕಿ ಮನೆಗೆ ಹೋಗುವಂತಿರಲಿಲ್ಲ.

ಅಣ್ಣ ಯಾವಾಗಲೂ ಕೊನೆಗೆ ಹತ್ತಿ ಬರುವವನು. ಎಲ್ಲರೂ ಹೋದ ಮೇಲೆ ಕಂಬಗಳನ್ನೆಲ್ಲ ಒಮ್ಮೆ ತಟ್ಟಿ ನೋಡದೆ ಅವನಿಗೆ ಸಮಾಧಾನವಿಲ್ಲ. ತಮ್ಮ ಕಾದು ಕಾದು ಸಾಕಾಗಿ, ಅಣ್ಣತಮ್ಮಂದಿರೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ತಮ್ಮ ಅಣ್ಣನ ಬಿಲ್ಲೆಯನ್ನು ಮೊದಲೇ ‘ಹೊರಗೆ’ ಹಲಗೆಗೆ ಹಾಕಿ ಬೀಗ ಜಡಿದು ಹೊರಡುವುದು. ಅಣ್ಣ ಆಮೇಲೆ ಬಂದು ದೀಪವನ್ನು ಕಿಟಕಿಯ ಹೊರಗೆ ಇಟ್ಟು ಹೋಗುವುದು. ಮನೆಯವರ ಮಧ್ಯದ ಮಾತು, ಯಾರಿಗೂ ನಷ್ಟವಿಲ್ಲ. ಹೀಗೆ ಒಂದು ವರ್ಷ ನಡೆಯಿತು.

ಆ ದಿನ ಕೆಳಗಿನ ಪೇಟೆಯಲ್ಲಿ ಹೊಸ ಸಿನಿಮಾ ಬಂದಿತ್ತು. ನಾಲ್ಕು ಗಂಟೆಗೆ ಹೊರಡುವ ಲಾರಿ ಸಿಕ್ಕರೆ ಮೊದಲ ಆಟ ಸಿಗುತ್ತಿತ್ತು. ದೀಪಣ್ಣ ಮೂರೂ ಐವತ್ತಕ್ಕೆ ನಲವತ್ತೇಳನ್ನು ಎತ್ತಿ ‘ಹೊರಗೆ’ ಹಾಕಿ, ಓಡಿಹೋಗಿ ಲಾರಿ ಹತ್ತಿದ. ನಾಲ್ಕೂವರೆಗೆ ಗಣಿಯಿಂದ ಹೊಗೆ ಬಂತು. ಮ್ಯಾನೇಜರು ದೀಪದ ಕೋಣೆಯ ಬೀಗ ಒಡೆಸಿ ಹಲಗೆ ನೋಡಿದರು. ‘ಒಳಗೆ’ ಖಾಲಿ. ಗೋಡೆ ಕಟ್ಟಿ ಎಂದರು. ದೀಪಣ್ಣ ಸಿನಿಮಾ ನೋಡಿ, ಗೆಳೆಯನ ಕೋಣೆಯಲ್ಲಿ ಮಲಗಿ, ಬೆಳಗ್ಗೆ ಮೇಲೆ ಬರುವಷ್ಟರಲ್ಲಿ ಗೋಡೆಯ ಗಾರೆ ಗಟ್ಟಿಯಾಗಿತ್ತು. ಆ ಸಿನಿಮಾದ ಒಂದೊಂದು ದೃಶ್ಯವೂ ಅವನಿಗೆ ಈಗಲೂ ನೆನಪಿದೆ. ಮರೆಯೋಣ ಎಂದರೆ ಆಗುವುದಿಲ್ಲ.

ಎಲ್ಲರೂ ಅವನ ಮುಖ ನೋಡಿದರು. ಅಣ್ಣ ಎಲ್ಲಿ? ಬಿಲ್ಲೆ ‘ಹೊರಗೆ’ ಇದೆಯಲ್ಲ? ಆಗ ಅವನ ಬಾಯಿಂದ ಡಬ್ಬಿ ಬಂತು. ಅಣ್ಣ ಡಬ್ಬಿ ಮರೆಯುತ್ತಾನೆಂದು ಇಡೀ ಗಣಿಗೆ ಗೊತ್ತಿದ್ದರಿಂದ ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ದೀಪ ಮತ್ತೆ ಕೊಟ್ಟಾಗ ಬಿಲ್ಲೆ ತಿರುಗಿ ‘ಒಳಗೆ’ ಹಾಕದಿದ್ದದ್ದು ತಪ್ಪು ಎಂದು ಮ್ಯಾನೇಜರು ಎರಡು ಮಾತು ಬೈದರು. ದೊಡ್ಡ ತಪ್ಪನ್ನು ಮುಚ್ಚಿಡಲು ಒಂದು ಸಣ್ಣ ತಪ್ಪು ಒಪ್ಪಿಕೊಂಡಂತಾಯಿತು. ಜನ ಅಯ್ಯೋ ಪಾಪ, ಒಡಹುಟ್ಟಿದವನಿಗೆ ಇಲ್ಲ ಅನ್ನೋಕಾಗತ್ತಾ ಎಂದು ಇವನ ಬೆನ್ನು ಸವರಿದರು. ಬೆಂಕಿ ಆರಿದ್ದು ಖಾತ್ರಿಯಾಗಿ ನಲವತ್ತು ದಿನದ ಮೇಲೆ ಗೋಡೆ ಒಡೆದಾಗ ಅಣ್ಣ ಅದರ ಒಳಬದಿಗೆ ಒರಗಿಕೊಂಡಂತೆ ಸಿಕ್ಕ. ಅದೊಂದನ್ನು ದೀಪಣ್ಣ ಕತೆಯಲ್ಲಿ ಯಾವತ್ತೂ ಸೇರಿಸಿಲ್ಲ.

ಅತ್ತಿಗೆಗೆ ಆಗ ಇಪ್ಪತ್ತೇಳು, ಕೂಸಿಗೆ ಎಂಟು ತಿಂಗಳು. ಅವರಿಬ್ಬರನ್ನೂ ಕೆಳಗಿನ ಪೇಟೆಗೆ ಕರೆತಂದು, ಮನೆ ಮಾಡಿಕೊಟ್ಟು, ಹಿಂಬದಿಯ ಒಂದು ಕೋಣೆಯಲ್ಲಿ ತಾನು ಉಳಿದ. ಮದುವೆಯ ಮಾತು ಬಂದಾಗಲೆಲ್ಲ ಜಾರಿಕೊಂಡ. ಕೂಸನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ಆ ಪುಟ್ಟಿ ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಾಳೆ. ಅವಳು ಚಿಕ್ಕಪ್ಪಾ ಎಂದು ಕರೆದರೆ ಅದರಲ್ಲಿ ಅಪ್ಪ ಎಂಬುದೇ ಹೆಚ್ಚು ಕೇಳಿಸುತ್ತದೆ. ಊರವರು ಮೈದುನ ಅಂದ್ರೆ ಹೀಗಿರಬೇಕು ಎನ್ನುತ್ತಾರೆ, ಇವನಿಗೆ ಮುಖಕ್ಕೆ ಹೊಡೆದಂತಾಗುತ್ತದೆ. ಹೇಳಿಬಿಡೋಣ ಎಂದು ನೂರು ಸಲ ಅಂದುಕೊಂಡಿದ್ದಾನೆ. ಹೇಳಿದರೆ ಆ ಮನೆ ಹೋಗುತ್ತದೆ, ಪುಟ್ಟಿ ಹೋಗುತ್ತಾಳೆ. ಅವನಿಗೆ ಈ ಲೋಕದಲ್ಲಿ ಇರುವುದು ಅಷ್ಟೇ.

ಹೀಗಿರುವಾಗ ಒಂದು ರಜೆಯ ದಿನ ಬೆಳಗ್ಗೆ ಹತ್ತಕ್ಕೆ ವ್ಯಾನ್ ಒರೆಸುತ್ತ ನಿಂತಿದ್ದವನ ಮುಂದೆ ಅತ್ತಿಗೆ ಟಿಕೆಟ್ ಹಿಡಿದುಕೊಂಡು ಪ್ರತ್ಯಕ್ಷವಾದಳು.

“ಪುಟ್ಟಿ ಕೊಡಿಸಿದ್ಲು,” ಎಂದಳು. “ಊರಿನೋರೆಲ್ಲ ಚಿಕ್ಕಪ್ಪನ ಗಾಡೀಲಿ ಹೋಗಿಬಂದಿದ್ದಾರೆ, ನಿಂಗೆ ಮಾತ್ರ ಬೆಟ್ಟ ಬೇಡ್ವಾ ಅಂತ ಜಗಳ. ಅವಳಿಗೆ ಇವತ್ತೂ ಅಂಗಡಿ ಇದೆ. ನಾನೊಬ್ಳೇ ಬಂದೆ.”

“ನಂಗೆ ಒಂದು ಮಾತು ಹೇಳೋದಲ್ವಾ ಅತ್ತಿಗೆ? ನಿಮಗೆ ಮಂಡಿನೋವು, ರಸ್ತೆ ಬೇರೆ...”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ಮೂವತ್ತೊಂದು ವರ್ಷದಿಂದ ಏನೋ ಒಂದು ನೆಪ ಹೇಳ್ತಾನೇ ಇದ್ದೀಯ.” ಅವಳು ಮುಂದಿನ ಸೀಟಿಗೆ ಹತ್ತಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. “ನಂಗೂ ಒಂದ್ಸಲ ಅಲ್ಲಿಗೆ ಹೋಗೋದಿತ್ತು ಕಣೋ. ಸ್ವಲ್ಪ ಕೆಲಸ ಇದೆ.”

ಏನು ಕೆಲಸ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಹಿಂದಿನ ಸೀಟುಗಳಲ್ಲಿ ಆ ದಿನ ಯಾಕೋ ಮೂವರೇ. ಹೊಸದಾಗಿ ಮದುವೆಯಾದ ಜೋಡಿಯೊಂದು, ಕಿಟಕಿಯ ಹೊರಗಿನ ಬೆಟ್ಟಕ್ಕಿಂತ ಫೋನಿನೊಳಗಿನ ತಮ್ಮ ಮುಖಗಳನ್ನೇ ಹೆಚ್ಚು ನೋಡಿಕೊಳ್ಳುತ್ತಿತ್ತು. ಅವರ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು, ಕೈಯಲ್ಲಿ ನೋಟ್‌ಬುಕ್ಕು. ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿ ಅಭ್ಯಾಸವಾಗಿ, ಈಗ ತಿದ್ದಲು ಯಾರೂ ಸಿಗದೆ ಊರೂರು ಸುತ್ತುತ್ತಿದ್ದ ಹಾಗೆ ಕಾಣುತ್ತಿದ್ದರು.

ವ್ಯಾನ್ ಹತ್ತತೊಡಗಿತು. ಆರನೆಯ ತಿರುವಿನಲ್ಲಿ, ಅದಿರಿನ ತೊಟ್ಟಿಗಳು ತಂತಿಯ ಮೇಲೆ ಇಳಿದು ಬರುತ್ತಿದ್ದ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿದ್ದವು. ಒಂದರ ತುದಿಯಲ್ಲಿ ಹದ್ದು ಗೂಡು ಕಟ್ಟಿತ್ತು. ಹನ್ನೊಂದರಲ್ಲಿ ತೊರೆಯ ಕಲ್ಲುಗಳೆಲ್ಲ ತಾಮ್ರದ ಕಲೆಯಿಂದ ನೀಲಿ ಹಸಿರಾಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಜೋಡಿ ಇಳಿದು ಹದಿನೆಂಟು ಫೋಟೋ ತೆಗೆದುಕೊಂಡಿತು. ದೀಪಣ್ಣ ಮೈಕಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದ, ಆದರೆ ಯಾರೋ ಕತ್ತು ಹಿಡಿದು ಹೇಳಿಸಿದ ಹಾಗಿತ್ತು. ಅತ್ತಿಗೆ ಪಕ್ಕದಲ್ಲಿ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.

ಹದಿನೇಳನೆಯ ತಿರುವಿನ ಮೇಲೆ ಕೆಲಸಗಾರರ ಮನೆಗಳ ಸಾಲು. ಒಂದಕ್ಕೂ ಸೂರಿಲ್ಲ, ಬಾಗಿಲಿಲ್ಲ. ಅವಳು ಗಾಡಿ ನಿಲ್ಲಿಸಲು ಹೇಳಿ, ಮಂಡಿ ಹಿಡಿದುಕೊಂಡು ಇಳಿದು, ಎಣಿಸಿಕೊಂಡು ಹೋಗಿ ಒಂಬತ್ತನೆಯ ಮನೆಯ ಹೊಸಿಲ ಮೇಲೆ ನಿಂತಳು. ಒಳಗೆ ಎದೆಯೆತ್ತರಕ್ಕೆ ಹುಲ್ಲು ಬೆಳೆದಿತ್ತು. ಗೋಡೆಯಲ್ಲಿ ಒಂದು ಗೂಡು ಮಾತ್ರ ಹಾಗೇ ಇತ್ತು.

“ಡಬ್ಬಿ ಇಡ್ತಿದ್ದದ್ದು ಅಲ್ಲೇ,” ಎಂದಳು. “ದಿನಾ ಬೆಳಗ್ಗೆ ಕಟ್ಟಿ ಅಲ್ಲಿಡ್ತಿದ್ದೆ. ಕಣ್ಣಿಗೆ ಕಾಣೋ ಹಾಗೆ ಇಟ್ರೂ ಎಷ್ಟೋ ದಿನ ಬಿಟ್ಟೇ ಹೋಗ್ತಿದ್ರು.” ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು.

ದೀಪಣ್ಣ ಗಾಡಿಯ ಕಡೆ ತಿರುಗಿದ. ಇಪ್ಪತ್ತೊಂದರಲ್ಲಿ ಗಾಡಿ ನಿಲ್ಲಿಸುವುದೇ ಬೇಡ ಎಂದು ಆಗಲೇ ನಿರ್ಧಾರ ಮಾಡಿದ. ಸೀದಾ ತುದಿಗೆ ಹೋಗಿ, ದೂರದ ಕಣಿವೆ ತೋರಿಸಿ, ಇಳಿಸಿಕೊಂಡು ಬಂದರಾಯಿತು.

ಆದರೆ ಹಳದಿ ಹಲಗೆಯನ್ನು ಹಾಕಿರುವುದೇ ದೂರದಿಂದ ಕಾಣಲಿ ಎಂದು. “ಡಬ್ಬಿ ತಿರುವು! ನಿಲ್ಸಿ ನಿಲ್ಸಿ!” ಎಂದು ಮದುವೆ ಹುಡುಗಿ ಕೂಗಿದಳು. “ನಮ್ಮಕ್ಕ ಇಲ್ಲಿಯ ಕತೆ ಕೇಳಿ ಅತ್ತೇಬಿಟ್ಟಿದ್ಳಂತೆ. ಅದನ್ನ ಕೇಳೋಕೇ ಬಂದಿದ್ದು ನಾವು.”

“ಇವತ್ತು ಗಂಟಲು ಸರಿಯಿಲ್ಲಮ್ಮ...”

“ಹೇಳು,” ಎಂದಳು ಅತ್ತಿಗೆ. “ನಾನೂ ಕೇಳ್ಬೇಕು. ನೀನು ಗಾಡೀಲಿ ಹೇಳೋದನ್ನ ಪುಟ್ಟಿ ಬಾಯಲ್ಲಿ ಕೇಳಿದ್ದೇ ಹೊರತು ನಿನ್ನ ಬಾಯಲ್ಲಿ ಕೇಳಿಲ್ಲ.”

ಗಾಡಿ ನಿಂತಿತು. ಎಡಗಡೆ ಸ್ವಲ್ಪ ಮೇಲೆ ಗಣಿಯ ಬಾಯಿ, ಈಗ ಅದಕ್ಕೆ ಕಬ್ಬಿಣದ ಸರಳು ಹಾಕಿದ್ದಾರೆ. ದೀಪಣ್ಣ ಶುರು ಮಾಡಿದ. ಸಾವಿರ ಸಲ ಹೇಳಿದ ಕತೆ, ತಾನಾಗಿಯೇ ಉರುಳಿತು. ‘ಹುಲಿ’ ಎಂಬ ಮಾತು ಇಟ್ಟುಕೊಂಡ, ‘ಮರೆವು’ ಬಿಟ್ಟ. ಕೊನೆಯ ‘ಒಂದು ಡಬ್ಬಿಗೋಸ್ಕರ, ನೋಡಿ’ ಎಂಬ ಸಾಲು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಲಿಲ್ಲ. ಹೇಳದಿದ್ದರೂ ಹುಡುಗಿ ಮೂಗು ಒರೆಸಿಕೊಂಡಳು.

ಮೇಷ್ಟ್ರು ಪೆನ್ನು ಎತ್ತಿದರು. “ಒಂದು ಸಂಶಯ. ಆತ ಒಳಗೆ ಸತ್ತ. ಡಬ್ಬಿಗೇ ಹೋದ ಅಂತ ಹೊರಗಿದ್ದೋರಿಗೆ ಹೇಗೆ ಗೊತ್ತಾಯ್ತು? ಯಾರು ನೋಡಿದ್ರು?”

ಎಷ್ಟೋ ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ದೀಪಣ್ಣ ಮೈಕು ತೆಗೆಯುವುದನ್ನೂ ಮರೆತ. “ನಾನು ನೋಡಿದ್ದು,” ಎಂದ. ಆ ಮಾತು ವ್ಯಾನಿನ ನಾಲ್ಕೂ ಮೂಲೆಯಿಂದ ದೊಡ್ಡದಾಗಿ ಕೇಳಿಸಿತು. ಮೇಷ್ಟ್ರು ಅದನ್ನು ಬರೆದುಕೊಂಡರು.

ಅತ್ತಿಗೆ ಬಾಗಿಲು ತೆಗೆದು ಇಳಿದಳು. ಯಾರ ಕಡೆಗೂ ನೋಡದೆ ಏರು ಹತ್ತತೊಡಗಿದಳು. ಜೋಡಿ ಹಲಗೆಯ ಮುಂದೆ ನಿಂತು, ಡಬ್ಬಿಯ ಚಿತ್ರ ಕಾಣುವ ಹಾಗೆ ತಲೆ ಓರೆ ಮಾಡಿ ಫೋಟೋ ತೆಗೆದುಕೊಳ್ಳುತ್ತಿತ್ತು. ದೀಪಣ್ಣ ಮೈಕು ಕಿತ್ತು ಪಕ್ಕದ ಸೀಟಿನ ಮೇಲೆಸೆದು ಅತ್ತಿಗೆಯ ಹಿಂದೆ ಓಡಿದ.

ಅವಳು ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗಿನಿಂದ ತಣ್ಣನೆಯ ಗಾಳಿ ಬಂದು ಅವಳ ಮುಂಗೂದಲನ್ನು ಹಾರಿಸುತ್ತಿತ್ತು. ಪಕ್ಕದಲ್ಲಿ ಒಡೆದ ಗೋಡೆಯ ಕಲ್ಲುಗಳು ಇನ್ನೂ ಗುಡ್ಡೆಯಾಗಿ ಬಿದ್ದಿದ್ದವು.

“ಆವತ್ತು ಬೆಳಗ್ಗೆ ನಾನು ಒಂದು ಮಾತು ಅಂದಿದ್ದೆ,” ಎಂದಳು, ಅವನ ಕಡೆ ತಿರುಗದೆ. “ಯಾರಿಗೂ ಹೇಳಿಲ್ಲ. ಪುಟ್ಟಿಗೂ ಹೇಳಿಲ್ಲ. ಹಿಂದಿನ ದಿನ ಗಣೀಲಿ ಬಿಟ್ಟು ಬಂದಿದ್ದು ಆ ತಿಂಗಳ ಮೂರನೇ ಡಬ್ಬಿ ಕಣೋ. ರಾತ್ರಿಯೆಲ್ಲ ಮಗು ಅತ್ತು ನಂಗೆ ನಿದ್ದೆ ಇರ್ಲಿಲ್ಲ, ತಲೆ ಕೆಟ್ಟುಹೋಗಿತ್ತು. ‘ಇವತ್ತು ಡಬ್ಬಿ ಇಲ್ದೆ ಬಂದ್ರೆ ಬಾಗಿಲು ತೆಗಿಯಲ್ಲ ನೋಡಿ’ ಅಂದುಬಿಟ್ಟೆ. ಅವರು ನಕ್ಕೊಂಡು ಹೋದ್ರು.”

ದೀಪಣ್ಣ ಸರಳಿಗೆ ಕೈ ಆನಿಸಿದ.

“ಮಾರನೇ ದಿನ ಬೆಳಗ್ಗೆ ನೀನು ಬಂದು ಡಬ್ಬಿಗೆ ವಾಪಸ್ ಹೋದ ಅಂತ ಹೇಳ್ದೆ. ನಂಗೆ ಗೊತ್ತಾಗ್ಹೋಯ್ತು, ಕಳಿಸಿದ್ದು ನಾನೇ ಅಂತ. ಬಾಗಿಲು ತೆಗಿಯಲ್ಲ ಅಂದಿದ್ದೆ. ಇಲ್ಲಿ ನೋಡಿದ್ರೆ ಗೋಡೆ.” ಅವಳ ದನಿ ಒಡೆಯಿತು. “ಒಂದ್ಸಲ ಇಲ್ಲಿ ಬಂದು ತಪ್ಪಾಯ್ತು ಅಂತ ಹೇಳ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಂಡಿದ್ದೆ. ಧೈರ್ಯ ಸಾಲ್ತಿರ್ಲಿಲ್ಲ. ಅದೇ ಕೆಲಸ ಇದ್ದದ್ದು.”

ಮೂವತ್ತೊಂದು ವರ್ಷ ದೀಪಣ್ಣ ಒಂದೇ ಮನೆಯಲ್ಲಿ ಉಂಡಿದ್ದ, ಎದುರು ಬದುರು ಕೂತು ಮಾತಾಡಿದ್ದ. ಅತ್ತಿಗೆ ಕೆಲವು ಸಲ ಪಾತ್ರೆ ತೊಳೆಯುತ್ತ ತೊಳೆಯುತ್ತ ನಿಂತುಬಿಡುವುದನ್ನು ನೋಡಿದ್ದ, ಗಂಡನ ನೆನಪು ಎಂದುಕೊಂಡಿದ್ದ. ಆ ದಿನದ ಭಾರ ತನ್ನೊಬ್ಬನ ಎದೆಯಲ್ಲಿದೆ ಎಂದೇ ಅವನ ನಂಬಿಕೆಯಾಗಿತ್ತು. ಆ ದಿನ ಗಾಬರಿಯಲ್ಲಿ ಬಾಯಿಗೆ ಸಿಕ್ಕ ಒಂದು ಡಬ್ಬಿಯನ್ನು ಎತ್ತಿಕೊಂಡಿದ್ದ. ಅದನ್ನು ತಂದು ಇವಳ ತಲೆಯ ಮೇಲೆ ಇಟ್ಟಿದ್ದ. ತನ್ನ ಮೇಲೆ ತನಗೆ ಅಷ್ಟು ಹೇಸಿಗೆ ಅವನಿಗೆ ಯಾವತ್ತೂ ಆಗಿರಲಿಲ್ಲ.

‘ಹಾಗೆಲ್ಲ ಅಂದ್ಕೋಬೇಡಿ ಅತ್ತಿಗೆ, ಅದು ನಿಮ್ಮ ತಪ್ಪಲ್ಲ.’ ಈ ಮಾತು ಬಾಯಿಯವರೆಗೆ ಬಂತು. ಅದು ಸುಳ್ಳೂ ಅಲ್ಲ. ಹೇಳಿ, ಕಣ್ಣೊರೆಸಿ, ಕೈಹಿಡಿದು ಇಳಿಸಿಕೊಂಡು ಹೋಗಬಹುದಿತ್ತು. ಅವಳು ನಂಬುತ್ತಿರಲಿಲ್ಲ, ಅಷ್ಟೇ. ಮನೆಗೆ ಹೋಗಿ ಮತ್ತೆ ಪಾತ್ರೆ ತೊಳೆಯುತ್ತ ನಿಲ್ಲುತ್ತಿದ್ದಳು.

“ಅಣ್ಣ ಡಬ್ಬಿಗೆ ಹೋಗ್ಲಿಲ್ಲ,” ಎಂದ.

ಅವಳು ತಿರುಗಿದಳು.

“ಅಣ್ಣ ಆವತ್ತು ಹೊರಗೆ ಬಂದೇ ಇರ್ಲಿಲ್ಲ ಅತ್ತಿಗೆ. ದೀಪ ಕೊಡ್ಲಿಲ್ಲ, ವಾಪಸ್ ಕೇಳ್ಲೂ ಇಲ್ಲ. ಅವನ ಬಿಲ್ಲೇನ ನಾನೇ ಹೊರಗೆ ಹಾಕ್ದೆ. ಅವನು ಒಳಗಿರೋವಾಗ್ಲೇ ಹಾಕ್ದೆ.” ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. “ಅಣ್ಣನೂ ಒಪ್ಪಿದ್ದ, ಯಾವಾಗ್ಲೂ ಹಾಗೆ ಮಾಡ್ತಿದ್ದೆ. ಲಾರಿ ತಪ್ಪಿಹೋಗತ್ತೆ ಅಂತ. ಸಿನಿಮಾಕ್ಕೆ ಹೋಗ್ಬೇಕಿತ್ತು. ಬಿಲ್ಲೆ ಇರೋ ಜಾಗದಲ್ಲಿ ಇದ್ದಿದ್ರೆ ಗೋಡೆ ಕಟ್ತಿರ್ಲಿಲ್ಲ, ಯಾರಾದ್ರೂ ಒಳಗೆ ಹೋಗಿ ಕರ್ಕೊಂಡು ಬರ್ತಿದ್ರು. ಅಣ್ಣನ್ನ ಕೊಂದಿದ್ದು ನಾನು. ಡಬ್ಬಿ ಕತೆ ಕಟ್ಟಿದ್ದೂ ನಾನೇ.”

ಅವಳು ಕೇಳಿದ್ದು ಅವನು ಎಣಿಸಿದ ಪ್ರಶ್ನೆಯಲ್ಲ.

“ಹಾಗಾದ್ರೆ... ನನ್ನ ಮಾತಿಗೆ ಹೋಗಿದ್ದಲ್ವಾ?”

“ಅಲ್ಲ.”

“ಇನ್ನೊಂದ್ಸಲ ಹೇಳು.”

“ಅಲ್ಲ ಅತ್ತಿಗೆ. ನಿಮ್ಮ ಮಾತಿಗೂ ಅದಕ್ಕೂ ಸಂಬಂಧಾನೇ ಇಲ್ಲ.”

ಅವಳ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಅಲ್ಲೇ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ ಅತ್ತಳು. ಅದು ದುಃಖದ ಅಳುವಲ್ಲ ಎಂದು ದೀಪಣ್ಣನಿಗೆ ಗೊತ್ತಾಯಿತು. ಅವಳು ಹಗುರಾಗುತ್ತಿದ್ದಳು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಇದನ್ನು ನೋಡುತ್ತ ನಿಲ್ಲುವುದು ಅವನಿಂದ ಆಗಲಿಲ್ಲ. ಇಷ್ಟು ಸುಖ ಕೊಡುವ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ಅವನು ಅವಳ ಮನೆಯಲ್ಲೇ ಓಡಾಡಿಕೊಂಡಿದ್ದ.

ಅಳು ನಿಂತ ಮೇಲೆ ಕೋಪ ಬಂತು. ಅದು ಕೂಗಾಡುವ ಕೋಪವಾಗಿರಲಿಲ್ಲ.

“ಬಿಲ್ಲೆ ವಿಷಯ ಬಿಡು,” ಎಂದಳು. “ಅವರೂ ಅದಕ್ಕೆ ಒಪ್ಪಿದ್ರು ಅಂತಾಯ್ತಲ್ಲ. ಇಪ್ಪತ್ತಾರು ವರ್ಷದ ಹುಡುಗ, ಸಿನಿಮಾ ಹುಚ್ಚು. ಅದನ್ನ ನಾನು ಆವತ್ತೇ ನುಂಗ್ಕೊಳ್ತಿದ್ದೆನೋ ಏನೋ. ಆದ್ರೆ ಆಮೇಲಿನ ಮೂವತ್ತೊಂದು ವರ್ಷ? ನೀನು ಹುಡುಗ ಆಗಿರ್ಲಿಲ್ವಲ್ಲ. ಪುಟ್ಟೀನ ಸ್ಕೂಲಲ್ಲಿ ಡಬ್ಬಿ ಡಬ್ಬಿ ಅಂತ ರೇಗಿಸ್ತಿದ್ರು. ಅತ್ಕೊಂಡು ಬಂದ್ರೆ ಹೆಗಲ ಮೇಲೆ ಕೂರಿಸ್ಕೊಂಡು ಸಮಾಧಾನ ಮಾಡ್ತಿದ್ದೆ. ಯಾವ ಬಾಯಲ್ಲಿ ಮಾಡ್ತಿದ್ಯೋ? ಅವರಪ್ಪ ಪೆದ್ದ ಅಂತ ದಿನಾ ನಾಲ್ಕು ಜನಕ್ಕೆ ಹೇಳಿ ಬಂದು, ಸಂಜೆ ನಮ್ಮನೇಲಿ ಕೂತು ಊಟ ಮಾಡ್ತಿದ್ಯಲ್ಲ?”

ಅವನು ತಲೆ ತಗ್ಗಿಸಿದ. ಕೆಳಗಿನಿಂದ ಮದುವೆ ಹುಡುಗ ಹಾರನ್ ಒತ್ತಿದ, ಹೊತ್ತಾಯಿತು ಎಂದು.

ಇಳಿಯುವಾಗ ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ. ಮಂಡಿ ನೋವಿಗೆ ಹಲ್ಲು ಕಚ್ಚಿ, ಬಂಡೆ ಹಿಡಿದು, ಒಬ್ಬಳೇ ಇಳಿದಳು. ವ್ಯಾನಿನ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಮೇಷ್ಟ್ರ ಪಕ್ಕದಲ್ಲಿ ಕೂತಳು.

“ಮೇಷ್ಟ್ರೇ, ಆಗ ಏನೋ ಬರ್ಕೊಂಡ್ರಲ್ಲ,” ಎಂದಳು. “ಅದನ್ನ ಹೊಡೆದುಹಾಕಿ. ಇವನು ನೋಡಿಲ್ಲ.”

ಮೇಷ್ಟ್ರು ಅವಳ ಕೆಂಪಾದ ಕಣ್ಣುಗಳನ್ನು ನೋಡಿದರು, ಕನ್ನಡಿಯಲ್ಲಿ ಡ್ರೈವರನ ಮುಖ ನೋಡಿದರು. ಮೂವತ್ತೈದು ವರ್ಷದ ಅನುಭವ ಇರುವವರು, ಮರುಪ್ರಶ್ನೆ ಹಾಕದೆ ಗೆರೆ ಎಳೆದರು. ತುದಿಗೆ ಹೋಗುವುದು ಬೇಡ, ವಾಪಸು ಹೋಗೋಣ ಎಂದು ಮದುವೆ ಹುಡುಗನೇ ಮೆಲ್ಲಗೆ ಹೇಳಿದ. ವ್ಯಾನ್ ತಿರುಗಿತು. ಮೈಕು ಮುಂದಿನ ಸೀಟಿನ ಮೇಲೇ ಬಿದ್ದಿತ್ತು.

ಎಂಟನೆಯ ತಿರುವು ದಾಟಿದರೆ ಫೋನಿಗೆ ಸಿಗ್ನಲ್ಲು ಬರುತ್ತದೆ. ದಾಟಿದ್ದೇ ತಡ, ಅತ್ತಿಗೆಯ ಚೀಲದೊಳಗೆ ಫೋನು ಹೊಡೆದುಕೊಂಡಿತು. ಯಾರದ್ದೆಂದು ದೀಪಣ್ಣನಿಗೆ ನೋಡದೆಯೇ ಗೊತ್ತು. ಊಟದ ಬಿಡುವಿನಲ್ಲಿ ಪುಟ್ಟಿ ದಿನಾ ಮಾಡುತ್ತಾಳೆ.

“ಹ್ಞೂಂ... ಬರ್ತಾ ಇದ್ದೀವಿ,” ಎಂದಳು ಅತ್ತಿಗೆ. “ಹ್ಞೂಂ, ನೋಡ್ದೆ. ಮನೇನೂ ನೋಡ್ದೆ. ಕತೆ ಹೇಳಿದ್ರು ನಿಮ್ಮ ಚಿಕ್ಕಪ್ಪ... ಇರು, ಅವರಿಗೇ ಕೊಡ್ತೀನಿ. ನಿನ್ನ ಹತ್ರ ಮಾತಾಡ್ಬೇಕಂತೆ.”

ದೀಪಣ್ಣ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. “ಮನೆಗೆ ಹೋದ್ಮೇಲೆ ಹೇಳ್ತೀನಿ ಅತ್ತಿಗೆ. ಎದುರಿಗೆ ಕೂತು ಹೇಳ್ತೀನಿ. ಫೋನಲ್ಲಿ ಬೇಡ.”

“ಮನೆಗೆ ಹೋಗೋಷ್ಟರಲ್ಲಿ ನಿನಗೆ ಇನ್ನೊಂದು ನೆಪ ಸಿಗತ್ತೆ. ನಿನ್ನನ್ನ ನಂಗೊತ್ತು.”

“ಅವಳು ನನ್ನ ಮುಖ ನೋಡಲ್ಲ.”

“ನೋಡ್ತಾಳೋ ಬಿಡ್ತಾಳೋ ಅದು ಅವಳಿಗೆ ಬಿಟ್ಟಿದ್ದು. ಅವಳಪ್ಪ ಹೇಗೆ ಸತ್ರು ಅಂತ ಅವಳಿಗೆ ಗೊತ್ತಿರ್ಬೇಕು.” ಅವಳು ಸೀಟುಗಳ ಮಧ್ಯದಿಂದ ಕೈ ಚಾಚಿ ಫೋನು ಮುಂದೆ ಹಿಡಿದಳು. ಮದುವೆ ಹುಡುಗಿ ಗಂಡನ ತೋಳು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡತೊಡಗಿದಳು.

ಅವನು ಫೋನು ತೆಗೆದುಕೊಂಡು ಕಿವಿಗೆ ಇಟ್ಟ.

“ಚಿಕ್ಕಪ್ಪಾ!” ಪುಟ್ಟಿಯ ದನಿಯಲ್ಲಿ ನಗು ತುಂಬಿತ್ತು. “ಅಮ್ಮಂಗೆ ಖುಷಿ ಆಯ್ತಾ? ಅತ್ತುಬಿಟ್ಟಳಾ? ನಾನು ಹೇಳಿರ್ಲಿಲ್ವಾ, ಕರ್ಕೊಂಡು ಹೋದ್ರೆ ಒಳ್ಳೇದಾಗತ್ತೆ ಅಂತ? ಸಂಜೆ ಬೇಗ ಬಂದುಬಿಡಿ, ನಿಮ್ಮ ಕನ್ನಡಕ ರೆಡಿಯಾಗಿದೆ, ನಾನೇ ಗಾಜು ಕೂರಿಸಿದ್ದೀನಿ. ಚಿಕ್ಕಪ್ಪಾ? ಕೇಳಿಸ್ತಿದ್ಯಾ?”

ಕೇಳಿಸುತ್ತಿತ್ತು. ಅವಳು ಇನ್ನೊಂದು ಸಲ ಕರೆಯಲಿ ಎಂದು ಅವನು ಸುಮ್ಮನೆ ಕಾದ.

“ಚಿಕ್ಕಪ್ಪಾ?”

“ಪುಟ್ಟೀ,” ಎಂದ ದೀಪಣ್ಣ. “ನಿಮ್ಮಪ್ಪ ಡಬ್ಬಿ ಮರೆತಿರ್ಲಿಲ್ಲಮ್ಮ.”